ಬೇಕರಿ ತಗಡಿಗೆ ಸವರುವ ಜಿಡ್ಡು

ಬ್ರೆಡ್, ಬನ್ನು, ಕೇಕುಗಳು ಅಚ್ಚಿಗೆ ಅಂಟದಂತೆ, ಹಿಟ್ಟು ತುಂಬುವ ಮುನ್ನ ತಗಡಿನ ಒಳಮೈಗೆ ಸವರುವ ಕೊಬ್ಬು ಅಥವಾ ಎಣ್ಣೆ. ಬೆಂಗಳೂರಿನಲ್ಲಿ ಇದರ ಚರಿತ್ರೆ ಹೆಚ್ಚುಕಡಿಮೆ ಅಯ್ಯಂಗಾರ್ ಬೇಕರಿಯ ಚರಿತ್ರೆಯೇ. ಇಲ್ಲಿ ಯಾವ ಜಿಡ್ಡು ಎಂಬುದನ್ನು ರುಚಿಗಿಂತ ಮೊದಲು ಆಚಾರವೂ ಬೆಲೆಯೂ ತೀರ್ಮಾನಿಸಿದವು. ಕಾನೂನು ಬಂದದ್ದು ಬಹಳ ತಡವಾಗಿ.

ಯೂರೋಪಿನ ಬೇಕರಿಗಳಲ್ಲಿ ಹಂದಿಕೊಬ್ಬು ಅಗ್ಗವಾಗಿ ಸಿಗುತ್ತಿತ್ತು, ತಗಡಿಗೂ ಚೆನ್ನಾಗಿ ಹಿಡಿಯುತ್ತಿತ್ತು. ಹಾಸನ ಸೀಮೆಯಿಂದ ಬಂದ ಎಚ್.ಎಸ್. ತಿರುಮಲಾಚಾರ್ ಮತ್ತು ಸಹೋದರರು 1898ರಲ್ಲಿ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದಾಗ ಆ ದಾರಿ ಮುಚ್ಚಿತ್ತು. ಮೊಟ್ಟೆಯನ್ನೇ ಒಳಗೆ ಬಿಡದವರು ಪ್ರಾಣಿಕೊಬ್ಬನ್ನು ಬಿಟ್ಟಾರೆಯೇ? ಉಳಿದದ್ದು ಬೆಣ್ಣೆ, ತುಪ್ಪ, ಗಾಣದ ಎಣ್ಣೆ.

ಮೂರರಲ್ಲೂ ತೊಡಕುಂಟು. ಬೆಣ್ಣೆಯಲ್ಲಿ ಸುಮಾರು ಶೇ 80ರಷ್ಟು ಕೊಬ್ಬಾದರೆ ಉಳಿದದ್ದರಲ್ಲಿ ಬಹುಪಾಲು ನೀರು, ಸ್ವಲ್ಪ ಹಾಲಿನ ಘನಾಂಶ. ನೀರಿದ್ದಲ್ಲಿ ಹಿಟ್ಟು ಕಚ್ಚುತ್ತದೆ. ಘನಾಂಶ ಸೌದೆ ಒಲೆಯ ಬಿಸಿಗೆ ಕಪ್ಪಾಗಿ ಬ್ರೆಡ್ಡಿನ ಮೂಲೆಗಳಲ್ಲಿ ಕಲೆಯಾಗುತ್ತದೆ. ಇವೆರಡನ್ನೂ ಕಾಯಿಸಿ ತೆಗೆದ ತುಪ್ಪಕ್ಕೆ ಆ ದೋಷವಿಲ್ಲ, ಆದರೆ ದಿನಕ್ಕೆ ನೂರಾರು ಅಚ್ಚು ಸವರುವವರಿಗೆ ಅದರ ಬೆಲೆ ಗಿಟ್ಟುವುದಿಲ್ಲ. ಕಡಲೆಕಾಯಿ ಎಣ್ಣೆ ತೆಳು. ನೆಟ್ಟಗಿನ ಗೋಡೆಗಳಿಂದ ಜಾರಿ ತಳದಲ್ಲಿ ಮಡುಗಟ್ಟುತ್ತದೆ, ಬನ್ನಿನ ಬುಡ ಕರಿದಂತಾಗುತ್ತದೆ. ಕೊಬ್ಬರಿ ಎಣ್ಣೆಯ ಸಮಸ್ಯೆ ಇನ್ನೊಂದು ಬಗೆಯದು. ಅದು ಕರಗುವುದು ಸುಮಾರು 24 ಡಿಗ್ರಿಯಲ್ಲಿ. ಬೆಂಗಳೂರಿನ ಡಿಸೆಂಬರ್ ಬೆಳಗಿನಲ್ಲಿ ಗಟ್ಟಿ, ಏಪ್ರಿಲ್ ಮಧ್ಯಾಹ್ನ ನೀರು. ಜೊತೆಗೆ ಅದರ ವಾಸನೆಯನ್ನು ಕರಾವಳಿಯವರು ಒಪ್ಪಿದಷ್ಟು ಸುಲಭವಾಗಿ ಬಯಲುಸೀಮೆಯವರು ಒಪ್ಪರು.

ಈ ಇಕ್ಕಟ್ಟಿಗೆ ಉತ್ತರ ಬಂದದ್ದು ಪ್ರಯೋಗಶಾಲೆಯಿಂದ. ನಿಕ್ಕಲ್ ಇದ್ದರೆ ಹೈಡ್ರೋಜನ್ ಸಾವಯವ ಪದಾರ್ಥಗಳೊಂದಿಗೆ ಕೂಡುತ್ತದೆಂದು ಫ್ರಾನ್ಸಿನ ಪಾಲ್ ಸಬಾಟಿಯೆ ತೋರಿಸಿದ್ದ. ಜರ್ಮನಿಯ ವಿಲ್ಹೆಲ್ಮ್ ನಾರ್ಮನ್ ಅದೇ ಜಾಡಿನಲ್ಲಿ ದ್ರವ ಎಣ್ಣೆಯನ್ನು ಗಟ್ಟಿಗೊಳಿಸುವ ವಿಧಾನಕ್ಕೆ 1902ರಲ್ಲಿ ಪೇಟೆಂಟ್ ಪಡೆದ. ಅಮೆರಿಕದಲ್ಲಿ 1911ರಲ್ಲಿ ಹೀಗೆ ಗಟ್ಟಿಗೊಳಿಸಿದ ಎಣ್ಣೆಯಾದ ಕ್ರಿಸ್ಕೊ ಬಂತು, ಭಾರತದಲ್ಲಿ 1937ರಲ್ಲಿ ಡಾಲ್ಡಾ ಎಂಬ ವನಸ್ಪತಿ. ನೋಡಲು ತುಪ್ಪ, ಮೂಲ ಸಸ್ಯ, ಬೆಲೆ ಕಡಿಮೆ, ತಿಂಗಳುಗಟ್ಟಲೆ ಕೆಡದು, ತಗಡಿನ ಮೂಲೆಗೂ ಮೆತ್ತಿಕೊಳ್ಳುತ್ತದೆ. ಮೊಟ್ಟೆಯಿಲ್ಲದ ಬೇಕರಿಗೆಂದೇ ಹೇಳಿ ಮಾಡಿಸಿದಂತಿತ್ತು. ತುಪ್ಪಕ್ಕೆ ಕಲಬೆರಕೆಯಾದೀತೆಂಬ ಅಂಜಿಕೆಯಿಂದ ವನಸ್ಪತಿಯಲ್ಲಿ ಶೇ 5ರಷ್ಟು ಎಳ್ಳೆಣ್ಣೆ ಸೇರಿರಬೇಕೆಂದು ಸರ್ಕಾರ ನಿಯಮ ಮಾಡಿತು: ಬೋದೂಯಿನ್ ಪರೀಕ್ಷೆಯಲ್ಲಿ ಎಳ್ಳೆಣ್ಣೆ ಇರುವ ತುಪ್ಪ ಕೆಂಪಾಗಿ ಬಣ್ಣ ಬಿಟ್ಟುಕೊಡುತ್ತದೆ. ಬೇಕರಿಯವರಿಗೆ ಈ ಗದ್ದಲ ಮುಟ್ಟಲಿಲ್ಲ. ಅವರು ಡಬ್ಬಿಯ ಹೆಸರನ್ನೇ ಜಿಡ್ಡಿನ ಹೆಸರಾಗಿಸಿಕೊಂಡರು.

ಸ್ವಾತಂತ್ರ್ಯದ ಹೊಸತರಲ್ಲಿ ಕೈಗಾರಿಕಾ ಉಪನಗರವಾಗಿ ಬೆಳೆದ ರಾಜಾಜಿನಗರ, ಆಮೇಲೆ ಹಬ್ಬಿದ ವಿಜಯನಗರ, ಬಸವೇಶ್ವರನಗರ, ಕೆಂಗೇರಿಯ ಬಡಾವಣೆಗಳಲ್ಲಿ ಅಯ್ಯಂಗಾರ್ ಬೇಕರಿ ಕ್ರಾಸಿಗೊಂದರಂತೆ ಕಾಣುತ್ತದೆ. (ಬೋರ್ಡಿನಲ್ಲಿ ಅಯ್ಯಂಗಾರ್ ಎಂದಿದ್ದರೂ ಒಳಗಿರುವವರೆಲ್ಲ ಅಯ್ಯಂಗಾರರಲ್ಲ.) ಅಲ್ಲಿನ ಸರಕೆಲ್ಲಕ್ಕೂ ಸವರುವ ಗೋಜಿಲ್ಲ. ಬೆಣ್ಣೆ ಬಿಸ್ಕತ್ತು, ಖಾರಾ ಬಿಸ್ಕತ್ತುಗಳ ಹಿಟ್ಟಿನಲ್ಲೇ ಕೊಬ್ಬು ತುಂಬಿರುವುದರಿಂದ ಅವು ತಾವಾಗಿಯೇ ತಟ್ಟೆ ಬಿಡುತ್ತವೆ. ಪಫ್ ಪದರಗಳದೂ ಅಷ್ಟೆ. ಕಚ್ಚುವುದು ಬ್ರೆಡ್ಡು, ಅದಕ್ಕಿಂತ ಹೆಚ್ಚಾಗಿ ಕೇಕು, ಏಕೆಂದರೆ ಸಕ್ಕರೆ ಬಿಸಿಗೆ ಪಾಕವಾಗಿ ಲೋಹಕ್ಕೆ ಹತ್ತುತ್ತದೆ. ಅದಕ್ಕೇ ಕೇಕಿನ ಅಚ್ಚಿಗೆ ಜಿಡ್ಡಿನ ಮೇಲೆ ಮೈದಾ ಉದುರಿಸಿ, ಬೋರಲು ಹಾಕಿ ಒಮ್ಮೆ ಕುಟ್ಟುತ್ತಾರೆ: ಹೆಚ್ಚಿನ ಹಿಟ್ಟು ಬಿದ್ದು ತೆಳುವಾದ ಬಿಳಿ ಪದರವಷ್ಟೇ ನಿಲ್ಲುತ್ತದೆ. ಹಳೆಯ ಅಚ್ಚಿಗೆ ಕಡಿಮೆ ಜಿಡ್ಡು ಸಾಕು. ಸವರಿದ ಎಣ್ಣೆ ಬಿಸಿಗೆ ಮತ್ತೆ ಮತ್ತೆ ಕಾದು ಗಟ್ಟಿ ಪೊರೆಯಾಗಿ ಕೂತಿರುತ್ತದೆ. ಪಳಗಿದ ದೋಸೆ ಹೆಂಚಿಗೆ ಎಣ್ಣೆಯಲ್ಲಿ ಅದ್ದಿದ ಅರ್ಧ ಈರುಳ್ಳಿ ಸಾಲುವುದೂ ಇದೇ ಕಾರಣಕ್ಕೆ. ಅತಿಯಾದರೆ ಮಾತ್ರ ಆ ಪೊರೆ ಅಂಟಂಟಾಗಿ ಕಂದುಗಟ್ಟುತ್ತದೆ, ಉಜ್ಜಿದರೂ ಹೋಗದು.

ವನಸ್ಪತಿಯ ಕುಂದು ಬೆಳಕಿಗೆ ಬರಲು ದಶಕಗಳೇ ಬೇಕಾದವು. ಎಣ್ಣೆಯನ್ನು ಅರೆಬರೆ ಗಟ್ಟಿಗೊಳಿಸುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ರಕ್ತದ ಕೆಟ್ಟ ಕೊಲೆಸ್ಟರಾಲನ್ನು ಏರಿಸಿ ಒಳ್ಳೆಯದನ್ನು ಇಳಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಇದನ್ನು ಜಗತ್ತಿನ ಆಹಾರದಿಂದಲೇ ತೆಗೆಯಲು ಕರೆಕೊಟ್ಟಿತು. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಎಣ್ಣೆ, ಕೊಬ್ಬುಗಳಲ್ಲಿ ಇದರ ಮಿತಿಯನ್ನು 2021ರಲ್ಲಿ ಶೇ 3ಕ್ಕೆ, 2022ರಲ್ಲಿ ಶೇ 2ಕ್ಕೆ ಇಳಿಸಿತು. ನಿಜ ಹೇಳಬೇಕೆಂದರೆ ಅಚ್ಚಿಗೆ ಸವರುವ ಜಿಡ್ಡು ಕೆಲವೇ ಗ್ರಾಂ. ತಿನ್ನುವವನ ಹೊಟ್ಟೆ ಸೇರುವ ಕೊಬ್ಬಿನಲ್ಲಿ ಹೆಚ್ಚಿನ ಪಾಲು ಹಿಟ್ಟಿನೊಳಗೆ ಕಲಸಿದ್ದು. ಆದರೆ ಎರಡೂ ಒಂದೇ ಡಬ್ಬಿಯಿಂದ ಬರುವುದಾದ್ದರಿಂದ ಡಬ್ಬಿ ಬದಲಾದಾಗ ಸವರುವುದೂ ಬದಲಾಯಿತು.

ಈಗ ಬೇಕರಿ ಕೊಬ್ಬುಗಳಲ್ಲಿ ತಾಳೆ ಎಣ್ಣೆಯ ಪಾಲು ದೊಡ್ಡದು. ಹೈಡ್ರೋಜನ್ ಹಾಯಿಸದೆಯೇ ಅದು ಅರೆಗಟ್ಟಿ. ಟ್ರಾನ್ಸ್ ಕೊಬ್ಬು ತಪ್ಪುತ್ತದೆ, ಸುಮಾರು ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬು ಉಳಿಯುತ್ತದೆ. ಲೆಸಿಥಿನ್ ಬೆರೆಸಿದ ಎಣ್ಣೆಯನ್ನು ಸಿಂಪಡಿಸುವುದೂ ಇದೆ. ಲೆಸಿಥಿನ್ ಎಣ್ಣೆಯನ್ನು ಲೋಹದ ಮೇಲೆ ಹನಿಗಟ್ಟಲು ಬಿಡದೆ ಹರಡುತ್ತದೆ. ಮನೆಯಲ್ಲಿ ಕೇಕು ಮಾಡುವವರು ಎಣ್ಣೆ, ತುಪ್ಪ, ಮೈದಾಗಳನ್ನು ಸಮಸಮ ಕಲಸಿ ಬಾಟಲಿಯಲ್ಲಿಟ್ಟುಕೊಳ್ಳುವುದುಂಟು. ತಳಕ್ಕೆ ಬಟರ್ ಪೇಪರ್ ಹಾಕಿದರೂ ಬದಿಗಳಿಗೆ ಅದನ್ನು ಸವರಲೇಬೇಕು.