ಹಳೇ ಟ್ರ್ಯಾಕ್ಟರ್, ಮುಂದೆ ಲೋಡರ್, ಹಿಂದೆ ಬಕೆಟ್: ಕೊಳ್ಳೋ ಮುಂಚೆ ಅದರ ಹುಟ್ಟು ತಿಳ್ಕೊಳ್ಳಿ

ನಮ್ಮ ಕಡೆ ಮಣ್ಣು ತೆಗೆಯೋ ಯಾವ ಯಂತ್ರ ಬಂದ್ರೂ ಅದು ಜೆಸಿಬಿನೇ. ಬೇರೆ ಕಂಪನಿದಾದ್ರೂ ಜೆಸಿಬಿ, ಬಣ್ಣ ಬೇರೆ ಇದ್ರೂ ಜೆಸಿಬಿ. ಆ ಮೂರಕ್ಷರ ಒಬ್ಬ ಮನುಷ್ಯನ ಹೆಸರು: ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್. ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್ ಜಿಲ್ಲೆಯ ಯುಟಾಕ್ಸಿಟರ್ ಅನ್ನೋ ಸಂತೆ ಊರಿನವನು. 1945ರ ಅಕ್ಟೋಬರಿನಲ್ಲಿ 12 ಅಡಿಗೆ 15 ಅಡಿಯ ಗ್ಯಾರೇಜು ಬಾಡಿಗೆಗೆ ಹಿಡಿದ. ಒಂದು ಪೌಂಡಿಗೆ ಸಿಕ್ಕಿದ ಸೆಕೆಂಡ್ ಹ್ಯಾಂಡ್ ವೆಲ್ಡಿಂಗ್ ಸೆಟ್ಟು, ಯುದ್ಧ ಮುಗಿದ ಮೇಲೆ ಉಳಿದ ಗುಜರಿ ಸಾಮಾನು, ಇಷ್ಟರಲ್ಲೇ ಒಂದು ಟಿಪ್ಪಿಂಗ್ ಟ್ರೇಲರ್ ಮಾಡಿದ. ಸಂತೇಲಿ ಅದನ್ನ 45 ಪೌಂಡಿಗೆ ಮಾರಿದ, ಜೊತೆಗೆ ಕೊಂಡವನ ಹಳೇ ಗಾಡಿಯನ್ನೂ ಎಕ್ಸ್‌ಚೇಂಜಿಗೆ ಹಿಡಿದ. ಆ ಹಳೇ ಗಾಡಿಯನ್ನ ರಿಪೇರಿ ಮಾಡಿ ಅದನ್ನೂ 45 ಪೌಂಡಿಗೇ ಮಾರಿದ. ಅಂದ್ರೆ ಇಷ್ಟು ದೊಡ್ಡ ಕಂಪನಿ ಶುರುವಾಗಿದ್ದೇ ಹಳೇ ಸಾಮಾನು ರಿಪೇರಿ ಮಾಡಿ ಮಾರೋದರಿಂದ.

ಇದನ್ನ ಈಗ ಯಾಕೆ ಬರೀತಿದೀನಿ ಅಂದ್ರೆ, ನಮ್ಮ ಟ್ರ್ಯಾಕ್ಟರ್ ಮಾರಾಟಕ್ಕಿಟ್ಟಿದೀನಿ. ಮುಂದೆ ಲೋಡರ್, ಹಿಂದೆ ಅಗೆಯೋ ಬಕೆಟ್ಟು ಕೂರಿಸಿರೋ ಹಳೇ ಗಾಡಿ. ಕೆರೆ ಗೋಡು ತುಂಬಿದೆ, ಕೃಷಿ ಹೊಂಡ ತೆಗೆದಿದೆ, ಡ್ರಿಪ್ ಪೈಪಿಗೆ ಎಷ್ಟೋ ತೋಟದಲ್ಲಿ ಕಾಲುವೆ ಹೊಡೆದಿದೆ. ಬೋರು ಬತ್ತಿದೆ, ಹೊಸದು ಕೊರೆಸೋಕೆ ದುಡ್ಡು ಬೇಕು. ಕೇಳ್ಕೊಂಡು ಬಂದಿರೋನು ಪಕ್ಕದೂರಿನ ಹುಡುಗ. ತಾಯಿ ಒಡವೆ ಅಡ ಇಟ್ಟು, ಬಾಡಿಗೆ ಹೊಡೆದು ಬದುಕೋಣ ಅಂತಿದಾನೆ. ದಲ್ಲಾಳಿ ನನಗೆ ಹೇಳಿದ್ದು, "ಬಣ್ಣ ಹೊಡೆಸಿ, ದಪ್ಪ ಆಯಿಲ್ ಹಾಕಿ, ಕೊಟ್ಬಿಡಿ." ಹಾಗೆ ಕೊಟ್ಟರೆ ಎರಡು ತಿಂಗಳಲ್ಲಿ ಆ ಹುಡುಗನ ಕಥೆ ಏನಾಗುತ್ತೆ ಅನ್ನೋದು ಈ ಯಂತ್ರದ ಚರಿತ್ರೆ ಗೊತ್ತಿದ್ದೋರಿಗೆ ಗೊತ್ತಾಗುತ್ತೆ.

ಟ್ರ್ಯಾಕ್ಟರ್ ಹುಟ್ಟಿದ್ದು ಎಳೆಯೋಕೆ. ಹ್ಯಾರಿ ಫರ್ಗುಸನ್ ನೇಗಿಲನ್ನ ಹೈಡ್ರಾಲಿಕ್ ಮೂಲಕ ಟ್ರ್ಯಾಕ್ಟರಿಗೇ ಕಟ್ಟೋ ಪದ್ಧತಿಗೆ 1926ರಲ್ಲಿ ಪೇಟೆಂಟ್ ತಗೊಂಡ. 1939ರಲ್ಲಿ ಅದು ಫೋರ್ಡ್ 9ಎನ್ ಟ್ರ್ಯಾಕ್ಟರಲ್ಲಿ ಬಂತು. ಇವತ್ತು ನಮ್ಮ ಗಾಡಿಗಳ ಹಿಂದೆ ಇರೋ ಮೂರು ಕೊಂಡಿ ಅದೇ ಸಂತಾನ. ಆ ಲೆಕ್ಕಾಚಾರದಲ್ಲಿ ಭಾರವೆಲ್ಲ ಹಿಂದಿನ ದೊಡ್ಡ ಚಕ್ರದ ಮೇಲೆ. ಮುಂದಿನ ಚಕ್ರ ದಾರಿ ತಿರುಗಿಸೋಕೆ ಅಷ್ಟೆ. ಅದಕ್ಕೇ ಮುಂದಿನ ಆಕ್ಸಲ್ ನಡುವೆ ಒಂದೇ ಪಿನ್ನಿನ ಮೇಲೆ ತೂಗಾಡುತ್ತೆ.

ಆಮೇಲೆ ಜನ ಅದರ ಕೈಲಿ ಬೇರೆ ಕೆಲಸ ಮಾಡಿಸೋಕೆ ಹೊರಟ್ರು. ಅಮೆರಿಕದ ಮ್ಯಾಸಚೂಸೆಟ್ಸಲ್ಲಿ ವೈನೋ ಹೊಲೊಪೈನೆನ್, ರಾಯ್ ಹ್ಯಾಂಡಿ ಅನ್ನೋ ಇಬ್ಬರು ಫೋರ್ಡ್ 8ಎನ್ ಟ್ರ್ಯಾಕ್ಟರ್ ಹಿಂದೆ ಹೈಡ್ರಾಲಿಕ್ ಅಗೆಯೋ ಕೈ ಕೂರಿಸಿ 1948ರಲ್ಲಿ ಮಾರಿದ್ರು. ಬ್ಯಾಮ್‌ಫೋರ್ಡ್ 1949ರಲ್ಲಿ ಫೋರ್ಡ್‌ಸನ್ ಮೇಜರ್ ಟ್ರ್ಯಾಕ್ಟರಿಗೆ ಮುಂದಿನ ಲೋಡರ್ ಮಾಡಿದ. 1953ರಲ್ಲಿ ಮುಂದೆ ಲೋಡರ್, ಹಿಂದೆ ಅಗೆಯೋ ಕೈ, ಎರಡನ್ನೂ ಒಂದೇ ಗಾಡೀಲಿ ತಂದ. 1957ರಲ್ಲಿ ಅಮೆರಿಕದ ಕೇಸ್ ಕಂಪನಿ 320 ಅನ್ನೋ ಗಾಡಿ ಬಿಟ್ಟಿತು. ಲೋಡರ್, ಬಕೆಟ್ಟು ಎರಡೂ ಫ್ಯಾಕ್ಟರೀಲೇ ಸೇರಿಸಿ ಕಟ್ಟಿದ್ದು. ನಮ್ಮ ದೇಶಕ್ಕೆ ಜೆಸಿಬಿ ಬಂದಿದ್ದು 1979ರಲ್ಲಿ, ಎಸ್ಕಾರ್ಟ್ಸ್ ಜೊತೆ ಸೇರಿ, ಹರಿಯಾಣದ ಬಲ್ಲಭಗಡದಲ್ಲಿ. 2003ರಲ್ಲಿ ಪೂರ್ತಿ ಅವರದೇ ಆಯ್ತು.

ಈ ವರ್ಷಗಳಲ್ಲಿ ಗಮನಿಸಬೇಕಾದ್ದು ಒಂದೇ. ಟ್ರ್ಯಾಕ್ಟರಿಗೆ ಕಟ್ಟೋದರಿಂದ ಶುರುಮಾಡಿ, ಕೊನೆಗೆ ಆ ಕೆಲಸಕ್ಕೇ ಅಂತ ಬೇರೆ ಗಾಡಿ ಕಟ್ಟಿದ್ರು. ಯಾಕೆ? ಉಳುಮೆ ಗಾಡಿಯ ಮೈ ಆ ಪೆಟ್ಟು ತಡೆಯಲ್ಲ. ಮುಂದಿನ ಬಕೆಟ್ಟಲ್ಲಿ ಮಣ್ಣೆತ್ತಿದರೆ ಭಾರ ಪೂರ್ತಿ ಮುಂದಿನ ಆಕ್ಸಲ್ ಮೇಲೆ. ಹಿಂದಿನ ಕೈ ಕಲ್ಲಿಗೆ ಸಿಕ್ಕಿ ಎಳೆದ್ರೆ ಆ ಜಗ್ಗು ಗೇರ್‌ಬಾಕ್ಸಿನ ಎರಕಕ್ಕೆ ಹೊಡೆಯುತ್ತೆ. ನಮ್ಮಂಥೋರು ದೊಡ್ಡ ಗಾಡಿ ತಗೊಳ್ಳೋಕಾಗದೆ 1950ರ ಕಾಲದ ಉಪಾಯವನ್ನೇ ಇವತ್ತೂ ವರ್ಕ್‌ಶಾಪಲ್ಲಿ ಮಾಡಿಸ್ಕೊಳ್ತೀವಿ. ತಪ್ಪೇನಿಲ್ಲ, ಕೆಲಸ ನಡೆಯುತ್ತೆ. ಆದ್ರೆ ಎಲ್ಲಿ ಮುರಿಯುತ್ತೆ ಅನ್ನೋದು ಆಗಲೇ ಗೊತ್ತಿರೋ ವಿಷಯ. ನೋಡಬೇಕಾದ್ದೂ ಅಲ್ಲೇ.

ಮೊದಲು ಮುಂದಿನ ಆಕ್ಸಲ್. ಜಾಕ್ ಕೊಟ್ಟು ಎತ್ತಿ, ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟು, ಚಕ್ರ ಅಲ್ಲಾಡಿಸಿ. ನಡುವಿನ ಪಿನ್ನು, ಬುಷ್ಷು ಸವೆದಿದ್ರೆ ಕೈಗೇ ಗೊತ್ತಾಗುತ್ತೆ.

ಎರಡನೇದು ಫ್ರೇಮು. ಲೋಡರ್ ಫ್ರೇಮು ಎಂಜಿನ್ ಪಕ್ಕದಲ್ಲೇ ನಿಂತಿದ್ಯೋ, ಹಿಂದಿನ ಆಕ್ಸಲ್ ತನಕ ಹೋಗಿದ್ಯೋ ನೋಡಿ. ಹಿಂದಿನ ತನಕ ಹೋಗಿದ್ರೆ ಪೆಟ್ಟು ಹಂಚಿಹೋಗುತ್ತೆ. ಹಿಂದಿನ ಬಕೆಟ್ಟು ಬರೀ ಮೂರು ಕೊಂಡೀಲಿ ತೂಗುಬಿಟ್ಟಿದ್ರೆ ಬೇಡವೇ ಬೇಡ. ಅದು ಮೇಲಕ್ಕೆ ಮಡಚಿ ಡ್ರೈವರ್ ಮೇಲೇ ಬರಬಹುದು. ಬೋಲ್ಟ್ ಸುತ್ತ ಹೊಸ ಬಣ್ಣ ಕಂಡ್ರೆ ಕೆರೆದು ನೋಡಿ. ಬಿರುಕು ಅಡಗೋದು ಅಲ್ಲೇ.

ಮೂರನೇದು ಹೈಡ್ರಾಲಿಕ್. ಗಾಡಿ ಅರ್ಧ ಗಂಟೆ ಓಡಿಸಿ, ಆಯಿಲ್ ಬಿಸಿಯಾದ ಮೇಲೆ ಬಕೆಟ್ಟಲ್ಲಿ ಮಣ್ಣು ತುಂಬಿ ಎತ್ತಿ, ಎಂಜಿನ್ ಆಫ್ ಮಾಡಿ, ದೂರ ನಿಂತು ನೋಡಿ. ತಾನಾಗಿ ಇಳೀತಾ ಬಂದ್ರೆ ಸಿಲಿಂಡರ್ ಸೀಲು ಹೋಗಿದೆ, ಇಲ್ಲಾ ಕಂಟ್ರೋಲ್ ವಾಲ್ವು ಸವೆದಿದೆ. ಸೀಲ್ ಕಿಟ್ ಅಗ್ಗ, ವಾಲ್ವು ದುಬಾರಿ. ದಪ್ಪ ಆಯಿಲ್ ಹಾಕಿದ ಗಾಡಿ ತಣ್ಣಗಿದ್ದಾಗ ಚೆನ್ನಾಗೇ ನಿಲ್ಲುತ್ತೆ, ಬಿಸಿಯಾದ ಮೇಲೆ ನಿಜ ಹೇಳುತ್ತೆ. ದಲ್ಲಾಳಿ ಹೇಳಿದ ಉಪಾಯದ ಗುಟ್ಟು ಇದೇ.

ರಿಪೇರಿ ಮಾಡೋರಿಗೆ ಎರಡು ಮಾತು. ಹೋಸ್ ಬಿಚ್ಚೋ ಮುಂಚೆ ಬಕೆಟ್ಟು ನೆಲಕ್ಕಿಳಿಸಿ, ಎಂಜಿನ್ ಆಫ್ ಮಾಡಿ, ಲಿವರ್ ಆಡಿಸಿ ಒತ್ತಡ ಬಿಡಿ. ಎತ್ತಿದ ಕೈ ಕೆಳಗೆ ಯಾರೂ ನುಗ್ಗಬೇಡಿ. ಸಣ್ಣ ಸೋರಿಕೆ ಹುಡುಕೋಕೆ ಬೆರಳು ಇಡಬೇಡಿ, ರಟ್ಟು ಹಿಡೀರಿ. ಒತ್ತಡದ ಎಣ್ಣೆ ಸೂಜಿ ಥರ ಚರ್ಮದೊಳಗೆ ಹೋಗುತ್ತೆ. ನೋವು ಕಡಿಮೆ ಅಂತ ಸುಮ್ಮನಿದ್ರೆ ಕೈಯೇ ಹೋಗಬಹುದು, ತಕ್ಷಣ ಆಸ್ಪತ್ರೆಗೆ ಓಡಿ.

ನಾನೇನು ಮಾಡಿದೆ ಅಂದ್ರೆ, ಮುಂದಿನ ಆಕ್ಸಲ್ ಪಿನ್ನು-ಬುಷ್ಷು ಲೇತಲ್ಲಿ ಹೊಸದು ಮಾಡಿಸಿದೆ. ಬೂಮ್ ಸಿಲಿಂಡರ್ ಎರಡಕ್ಕೂ ಸೀಲು ಹಾಕಿಸಿದೆ. ಎಡಗಡೆ ಲೋಡರ್ ಬ್ರ್ಯಾಕೆಟ್ಟಲ್ಲಿ ಬಿರುಕಿತ್ತು, ಪ್ಲೇಟ್ ಕೊಟ್ಟು ವೆಲ್ಡ್ ಮಾಡಿಸಿ ಬಣ್ಣ ಹೊಡೆಯದೆ ಬಿಟ್ಟಿದೀನಿ, ಕಾಣಲಿ ಅಂತ. ವಾಲ್ವು ಸ್ವಲ್ಪ ಸವೆದಿದೆ, ಅದನ್ನ ಬದಲಾಯಿಸಿಲ್ಲ. ಅದರ ದುಡ್ಡನ್ನ ರೇಟಲ್ಲಿ ಕಳೆದಿದೀನಿ. ಹುಡುಗ, "ಅಣ್ಣಾ, ಬೇರೆಯೋರು ಇದನ್ನೆಲ್ಲ ಹೇಳಲ್ವಲ್ಲ" ಅಂದ. "ನಾಳೆ ನನ್ನ ತೋಟಕ್ಕೂ ನೀನೇ ಕಾಲುವೆ ಹೊಡೆಯೋಕೆ ಬರ್ಬೇಕಲ್ಲಪ್ಪ" ಅಂದೆ. ಮೊದಲು ಒಂದು ದಿನ ಕೆಲಸಕ್ಕೆ ಓಡಿಸಿ ನೋಡು, ಜೊತೆಗೆ ನಿನ್ನ ಮೆಕ್ಯಾನಿಕ್ಕೇ ಇರಲಿ ಅಂತಲೂ ಹೇಳಿದೀನಿ.

ಕಾಗದ ಮರೀಬೇಡಿ. ಫಾರಂ 29, 30ಕ್ಕೆ ಸಹಿ ಹಾಕಿ ಆರ್‌ಸಿ ವರ್ಗಾವಣೆ ಮಾಡಿಸಿ. ಮಾರಿದೋರು 14 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು. ಸಾಲ ತೀರಿದ್ರೆ ಬ್ಯಾಂಕಿನ ಎನ್‌ಒಸಿ, ಫಾರಂ 35 ಕೊಟ್ಟು ಆರ್‌ಸಿಲಿರೋ ಬ್ಯಾಂಕಿನ ಹೆಸರು ತೆಗೆಸಿ. ಇನ್ಶೂರೆನ್ಸೂ ಕೊಂಡವರ ಹೆಸರಿಗೆ ಹೋಗಲಿ. ಸ್ಟಾಂಪ್ ಪೇಪರ್ ಕೈಲಿಟ್ಟುಕೊಂಡು ಮಾರಿದೆ ಅಂದ್ಕೊಂಡ್ರೆ, ನಾಳೆ ಆ ಗಾಡಿ ಎಲ್ಲಾದ್ರೂ ಗುದ್ದಿದಾಗ ಕೋರ್ಟಿಗೆ ಹೋಗೋದು ಆರ್‌ಸಿಲಿ ಹೆಸರಿರೋನು.

ನಿಮ್ಮ ಗಾಡೀಲಿ ಎಲ್ಲಿ ಬಿರುಕು ಬಂದಿತ್ತು, ಹೇಗೆ ಸರಿ ಮಾಡಿಸಿದ್ರಿ, ಕೆಳಗೆ ಬರೀರಿ. ಕೊಳ್ಳೋ ಇನ್ನೊಬ್ಬ ಹುಡುಗನಿಗೆ ಉಪಯೋಗ ಆಗುತ್ತೆ.