ಓದಲು ಬಾರದವನು ಬರೆದ 3000 ಪುಟ

ಭಾಗ 1/5

"ಯಾವಾಗ ಮೊದಲಿನ ಥರ ಆಗ್ತಾನೆ?"

ತಲೆಗೆ ಜೋರು ಪೆಟ್ಟು ಬಿದ್ದು ಆಸ್ಪತ್ರೆಯಿಂದ ಮನೆಗೆ ಬಂದವರ ಬಗ್ಗೆ ಎಲ್ಲರೂ ಕೇಳೋದು ಇದನ್ನೇ. ಬೈಕ್ ಅಪಘಾತ ಆದ ಗೆಳೆಯನ ಬಗ್ಗೆ ನೀವೂ ಕೇಳಿರಬಹುದು. ಈ ಪ್ರಶ್ನೆ ಯಾಕೆ ಸಾಲಲ್ಲ ಅಂತ ತಿಳಿಯೋಕೆ ಎರಡನೇ ಮಹಾಯುದ್ಧದ ಕಾಲಕ್ಕೆ ಹೋಗಿಬರೋಣ ಬನ್ನಿ.

1943, ಮಾರ್ಚ್ 2. ರಷ್ಯಾದ ಸ್ಮೊಲೆನ್ಸ್ಕ್ ಕಡೆಯ ಯುದ್ಧಭೂಮಿ. ಝಸೆಟ್ಸ್ಕಿ ಅನ್ನೋ ಸೋವಿಯತ್ ಸೈನ್ಯದ ಯುವ ಅಧಿಕಾರಿಯ ತಲೆಗೆ ಗುಂಡು ಹೊಕ್ಕಿತು. ಯುದ್ಧಕ್ಕೆ ಮುಂಚೆ ಅವನು ಎಂಜಿನಿಯರಿಂಗ್ ಓದ್ತಿದ್ದ ಹುಡುಗ. ಹೆಚ್ಚುಕಡಿಮೆ ನಿಮ್ಮದೇ ವಯಸ್ಸು.

ಭಾಗ 2/5

ಗುಂಡು ತಾಗಿದ್ದು ಮೆದುಳಿನ ಎಡಭಾಗದ ಹಿಂಬದಿಗೆ. ಕಂಡದ್ದನ್ನು, ಕೇಳಿದ್ದನ್ನು ಒಟ್ಟು ಸೇರಿಸಿ ಅರ್ಥ ಕೊಡೋ ಜಾಗ ಅದು. ಪರಿಣಾಮ ನೋಡಿ: ಅವನ ನೋಟದ ಬಲಭಾಗವೇ ಮಾಯ. ತನ್ನ ದೇಹದ ಬಲಗಡೆ ಕೆಲವೊಮ್ಮೆ ಇಲ್ಲವೇ ಇಲ್ಲ ಅನ್ನಿಸೋದು. ಎದುರಿಗಿರೋ ವಸ್ತು ಗೊತ್ತು, ಹೆಸರು ಮಾತ್ರ ಬಾಯಿಗೆ ಬಾರದು. ಕಾಲೇಜು ಓದಿದವನಿಗೆ ಒಂದು ಅಕ್ಷರವೂ ಗುರುತು ಸಿಗುತ್ತಿರಲಿಲ್ಲ.

ಆದರೆ ಮೆದುಳಿನ ಮುಂಭಾಗಕ್ಕೆ ಏನೂ ಆಗಿರಲಿಲ್ಲ. ಛಲ, ಯೋಚನೆ, ಆಸೆ, ನಾಚಿಕೆ ಎಲ್ಲ ಹಾಗೇ ಇತ್ತು. ಅಂದರೆ ತಾನು ಏನೇನು ಕಳೆದುಕೊಂಡೆ ಅಂತ ಅವನಿಗೆ ಪೂರ್ತಿ ಗೊತ್ತಿತ್ತು. ಸುಮ್ಮನೆ ಕೂತ ರೋಗಿಯನ್ನು ನೋಡಿ "ಪಾಪ, ಅವನಿಗೇನು ಗೊತ್ತಾಗುತ್ತೆ" ಅಂತ ಎದುರಿಗೇ ಮಾತಾಡೋರು ಇದನ್ನು ನೆನಪಿಡಬೇಕು.

ಭಾಗ 3/5

ಅದೇ ವರ್ಷ ಅವನು ಅಲೆಕ್ಸಾಂಡರ್ ಲೂರಿಯಾ ಅನ್ನೋ ವೈದ್ಯ-ಮನೋವಿಜ್ಞಾನಿಯ ಕೈಗೆ ಸಿಕ್ಕ. ಯುದ್ಧದಲ್ಲಿ ಮೆದುಳಿಗೆ ಗಾಯವಾದ ಸೈನಿಕರಿಗಾಗಿಯೇ ಲೂರಿಯಾ ಉರಲ್ ಪ್ರದೇಶದಲ್ಲಿ ಒಂದು ಪುನಶ್ಚೇತನ ಆಸ್ಪತ್ರೆ ನಡೆಸ್ತಿದ್ದರು. ಅವರ ಲೆಕ್ಕಾಚಾರ ಸರಳ: ಸತ್ತ ನರಕೋಶಕ್ಕೆ ಜೀವ ಬರಲ್ಲ, ನಿಜ. ಆದರೆ ಉಳಿದಿರೋ ಭಾಗಗಳನ್ನು ಬಳಸಿ ಅದೇ ಕೆಲಸವನ್ನು ಬೇರೆ ದಾರಿಯಲ್ಲಿ ಮಾಡಿಸಬಹುದು. ಸೇತುವೆ ಮುರಿದರೆ ಸುತ್ತು ಬಳಸಿ ಊರು ಸೇರೋ ಹಾಗೆ.

ಝಸೆಟ್ಸ್ಕಿ ಅಕ್ಷರಮಾಲೆಯಿಂದ ಶುರು ಮಾಡಿದ. ಬೇಕಾದ ಅಕ್ಷರ ನೆನಪಾಗದಿದ್ದರೆ ಮೊದಲಿಂದ ಹೇಳಿಕೊಂಡು ಬರಬೇಕಿತ್ತು. ನಾವು 'ಮ' ಹುಡುಕೋಕೆ ಪ್ರತಿಸಲ 'ಕ ಖ ಗ ಘ'ದಿಂದ ಹೊರಟ ಹಾಗೆ! ಓದೋದು ಕೊನೆವರೆಗೂ ಹಿಂಸೆಯೇ ಆಯ್ತು.

ಭಾಗ 4/5

ಬರವಣಿಗೆಯೂ ಹಾಗೇ ನಿಂತಿತ್ತು. ಒಂದು ದಿನ ಅವನಿಗೊಂದು ಸಲಹೆ ಬಂತು: ಅಕ್ಷರ ಅಕ್ಷರ ಯೋಚಿಸಬೇಡ, ಕೈ ಎತ್ತದೆ ಇಡೀ ಪದ ಬರೆದುಬಿಡು. 'ರಕ್ತ' ಅನ್ನೋ ಪದವನ್ನು ಬಾಯಲ್ಲಿ ಹೇಳಿಕೊಂಡು ಪೆನ್ಸಿಲ್ ಓಡಿಸಿದ. ಬಂದೇಬಿಡ್ತು!

ಹೇಗೆ? ಫೋನಿನ ಪ್ಯಾಟರ್ನ್ ಲಾಕ್ ನೆನಪಿಸಿಕೊಳ್ಳಿ. ಕೇಳಿದರೆ ಹೇಳೋಕೆ ತಡವರಿಸ್ತೀರಿ, ಬೆರಳಿಗೆ ಮಾತ್ರ ಗೊತ್ತಿರುತ್ತೆ. ಬರೆದು ಅಭ್ಯಾಸವಾದ ಕೈಗೆ ಬರವಣಿಗೆ ಒಂದು ಚಲನೆ. ಕಣ್ಣಿನ ದಾರಿ ಮುಚ್ಚಿದ್ದರೂ ಕೈಯ ದಾರಿ ತೆರೆದಿತ್ತು.

ಅವತ್ತು ಶುರುವಾದ ಬರವಣಿಗೆ ಸುಮಾರು 25 ವರ್ಷ ನಡೀತು. ತಾಯಿ, ಅಕ್ಕತಂಗಿಯರಿದ್ದ ಮನೆಗೆ ಮರಳಿದ ಮೇಲೂ ನಿಲ್ಲಿಸಲಿಲ್ಲ. ಒಂದು ಪದಕ್ಕಾಗಿ ಎಷ್ಟೋ ಹೊತ್ತು ಕಾಯಬೇಕಿತ್ತು, ಇಡೀ ದಿನ ಕೂತರೂ ಒಂದು ಪುಟ ಆದರೆ ದೊಡ್ಡದು. ಬರೆದದ್ದನ್ನು ತಾನೇ ಸಲೀಸಾಗಿ ಓದಲಾರ. ಆದರೂ ಸುಮಾರು 3000 ಪುಟ! ಅದಕ್ಕೆ ಅವನಿಟ್ಟ ಹೆಸರಿನ ಅರ್ಥ: ಹೋರಾಡುತ್ತಲೇ ಇರುತ್ತೇನೆ. ಆ ಪುಟಗಳಿಗೆ ತಮ್ಮ ವಿವರಣೆ ಸೇರಿಸಿ ಲೂರಿಯಾ ತಂದ ಪುಸ್ತಕ 1972ರಲ್ಲಿ ಇಂಗ್ಲಿಷಿಗೂ ಬಂತು. ವೈದ್ಯರ ರಿಪೋರ್ಟಿನಲ್ಲಿ ಕಾಣದ ರೋಗಿಯ ಒಳಲೋಕ ಅಲ್ಲಿತ್ತು.

ಭಾಗ 5/5

ಹಾಗಾದ್ರೆ ಅವನು ಗುಣವಾದನಾ? ಮೊದಲಿನ ಹಾಗೆ ಆಗಲಿಲ್ಲ. ಎಂಜಿನಿಯರ್ ಆಗಲಿಲ್ಲ. ಗುರುತಿನ ಬೀದಿಯೇ ಅಪರಿಚಿತ ಅನ್ನಿಸ್ತಿತ್ತು. ಇದನ್ನು ಮುಚ್ಚಿಟ್ಟು ಸ್ಫೂರ್ತಿಕಥೆ ಮಾಡಿದರೆ ಅವನಿಗೂ ಅನ್ಯಾಯ, ಇವತ್ತು ಮನೇಲಿ ಇಂಥವರನ್ನು ನೋಡಿಕೊಳ್ತಿರೋ ಅಮ್ಮಂದಿರಿಗೂ ಅನ್ಯಾಯ. ಎಷ್ಟು ದುಡಿದರೂ ಪೂರ್ತಿ ವಾಪಸ್ ಬಾರದ್ದು ಕೆಲವಿರುತ್ತೆ. ಅದು ಯಾರ ಸೋಮಾರಿತನವೂ ಅಲ್ಲ.

ಆದರೆ ಪ್ರಗತಿಗೆ ಇನ್ನೊಂದು ಅಳತೆ ಇದೆ. "ಮೊದಲಿನ ಹಾಗೆ ಆದನಾ?" ಅಂತ ಕೇಳೋ ಬದಲು "ಹೋದ ತಿಂಗಳು ಆಗದ ಯಾವುದು ಈಗ ಆಗ್ತಿದೆ? ಯಾವ ದಾರಿಯಲ್ಲಿ?" ಅಂತ ಕೇಳಿ. ಚಮಚ ಹಿಡಿದದ್ದು, ಮಾತು ನಿಂತಾಗ ಹಾಡಿನಲ್ಲಿ ಪದ ಬಂದದ್ದು, ಇವೆಲ್ಲ ಆ ಲೆಕ್ಕಕ್ಕೆ ಸೇರ್ತವೆ.

ಅಂಥ ಗೆಳೆಯನನ್ನು ನೋಡೋಕೆ ಹೋದಾಗ "ನಾನ್ಯಾರು ಹೇಳು ನೋಡೋಣ" ಅಂತ ಪರೀಕ್ಷೆ ಮಾಡಬೇಡಿ. ನಿಮ್ಮ ಹೆಸರು ನೀವೇ ಹೇಳಿ, ಪಕ್ಕದಲ್ಲಿ ಕೂತ್ಕೊಳ್ಳಿ. ಉತ್ತರಕ್ಕೆ ಟೈಮ್ ಕೊಡಿ. ಸುಸ್ತಾದರೆ ಎದ್ದು ಬನ್ನಿ. ಮುಂದಿನ ವಾರ ಮತ್ತೆ ಹೋಗಿ. ಆರು ತಿಂಗಳಾದ ಮೇಲೂ ಹೋಗಿ, ಯಾಕಂದ್ರೆ ಅಷ್ಟೊತ್ತಿಗೆ ಉಳಿದವರೆಲ್ಲ ಬರೋದು ನಿಲ್ಲಿಸಿರ್ತಾರೆ.

ಇದು ಬೇಕಾದವರು ನಿಮ್ಮ ಲಿಸ್ಟಲ್ಲಿ ಯಾರೋ ಇರ್ತಾರೆ. ಕಳಿಸಿಬಿಡಿ.

#ಇತಿಹಾಸ #ಮೆದುಳು #ಕನ್ನಡ