ಜೋಡಿ ಸುಂಟರಗಾಳಿ ಕಲಿಸಿದ ಪಾಠ

ಬೇಸಿಗೆಯಲ್ಲಿ ಹೊಲದ ಧೂಳೆಬ್ಬಿಸುವ ಸುಂಟರಗಾಳಿಯನ್ನು ನಾವೆಲ್ಲ ನೋಡಿದ್ದೇವೆ. ಅಮೆರಿಕದ್ದು ಹಾಗಲ್ಲ. ಅದು ಗುಡುಗು ಮೋಡದಿಂದ ಇಳಿದು ಮನೆಗಳನ್ನೇ ಕಿತ್ತೊಯ್ಯುತ್ತದೆ. ಅಂಥವೆರಡು ಎದುರಾದರೆ? ಬಲ ದುಪ್ಪಟ್ಟಾಗುತ್ತದೆ ಎಂದೇನಿಲ್ಲ. ಸಾಮಾನ್ಯವಾಗಿ ದೊಡ್ಡದು ಸಣ್ಣದನ್ನು ತನ್ನೊಳಗೆ ಎಳೆದುಕೊಂಡು ಒಂದೇ ಆಗುತ್ತದೆ.

ಅಕ್ಕಪಕ್ಕದಲ್ಲೇ ಸಾಗುವುದೂ ಉಂಟು. 1965ರ ಏಪ್ರಿಲ್ 11ರ ಭಾನುವಾರ ಇಂಡಿಯಾನಾ ರಾಜ್ಯದಲ್ಲಿ ಎರಡು ಕಂಬಗಳಂತೆ ಸಾಗುತ್ತಿದ್ದ ಸುಂಟರಗಾಳಿಯ ಫೋಟೊವನ್ನು ಪತ್ರಿಕಾ ಛಾಯಾಗ್ರಾಹಕ ಪಾಲ್ ಹಫ್‌ಮನ್ ತೆಗೆದರು. ಅಂದು ಹಲವು ರಾಜ್ಯಗಳಲ್ಲಿ ಎದ್ದ ಸುಂಟರಗಾಳಿಗಳಿಗೆ 250ಕ್ಕೂ ಹೆಚ್ಚು ಜನ ಬಲಿಯಾದರು.

ವಿಜ್ಞಾನಿ ಟೆಡ್ ಫುಜಿಟಾ ವಿಮಾನದಲ್ಲಿ ಹಾರಿ ಹಾನಿಯ ಜಾಡು ಹಿಡಿದರು. ಒಂದೇ ಸುಂಟರಗಾಳಿಯೊಳಗೆ ಹಲವು ಸಣ್ಣ ಸುಳಿಗಳಿರಬಹುದು ಎಂದು ಮುಂದೆ ವಿವರಿಸಿದರು. ಒಂದು ಮನೆ ನೆಲಸಮವಾಗಿ ಪಕ್ಕದ್ದು ಉಳಿಯುವುದು ಇದರಿಂದಲೇ.

ಅಂದು ಮುನ್ಸೂಚನೆ ಇತ್ತು. ಆದರೆ 'ಬರಬಹುದು' ಯಾವುದು, 'ಬಂದೇಬಿಟ್ಟಿದೆ' ಯಾವುದು ಎಂಬುದು ಅನೇಕರಿಗೆ ತಿಳಿಯಲಿಲ್ಲ. ಆ ಬಳಿಕ ಮೊದಲನೆಯದಕ್ಕೆ 'ವಾಚ್', ಎರಡನೆಯದಕ್ಕೆ 'ವಾರ್ನಿಂಗ್' ಎಂಬ ಪದಗಳು ಅಲ್ಲಿ ರೂಢಿಯಾದವು.

ನಮ್ಮಲ್ಲೂ ಯೆಲ್ಲೋ ಅಲರ್ಟ್ ಎಂದರೆ ಗಮನವಿಡಿ, ರೆಡ್ ಅಲರ್ಟ್ ಎಂದರೆ ಕೂಡಲೇ ಕ್ರಮ ಕೈಗೊಳ್ಳಿ ಎಂದರ್ಥ. ಮನೆಯ ಹಿರಿಯರಿಗೂ ಇದನ್ನು ತಿಳಿಸೋಣ.